ದೇವರ ಮೇಲೆ ಸಿಟ್ಟು ಬಂದಾಗ ನಾನು ಪ್ರಾರ್ಥಿಸಿದ ಬಗೆ

ತಮ್ಮ ತೀರಿಹೋದ ಮೇಲೆ ನನ್ನ ಬಾಯಿಂದ ಸ್ತೋತ್ರ ಹೊರಡುತ್ತಿರಲಿಲ್ಲ. ‘ಎಲ್ಲವೂ ದೇವರ ಚಿತ್ತ’ ಎಂದು ಸಮಾಧಾನ ಹೇಳಲು ಬಂದವರಿಗೆ ತಲೆಯಾಡಿಸುತ್ತಿದ್ದೆ, ಒಳಗೆ ಮಾತ್ರ ಕುದಿಯುತ್ತಿತ್ತು. ಪ್ರಾರ್ಥನೆ ಬಿಡಲು ಮನಸ್ಸಿರಲಿಲ್ಲ. ಹಾಗಾಗಿ ಆ ಸಿಟ್ಟನ್ನೇ ಪ್ರಾರ್ಥಿಸುವುದೆಂದು ನಿರ್ಧರಿಸಿದೆ.

ಮಾತು ಸಿಕ್ಕಿದ್ದು ಬೈಬಲ್‌ನ ಕೀರ್ತನೆಗಳಲ್ಲಿ. ಇರುವ 150ರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳು, ದೂರು, ಮೊರೆ. ಸಭೆಯಲ್ಲಿ ನಾವು ಹಾಡುವುದು ಬಹುತೇಕ ಮಿಕ್ಕ ಪಾಲನ್ನು!

13ನೆಯ ಕೀರ್ತನೆಯಿಂದ ತೊಡಗಿದೆ. ಆರೇ ವಚನಗಳು. ಮೊದಲೆರಡರಲ್ಲೇ ಕೀರ್ತನೆಕಾರ ‘ಎಷ್ಟರವರೆಗೆ’ ಎಂದು ದೇವರನ್ನು ನಾಲ್ಕು ಸಲ ಕೇಳುತ್ತಾನೆ. ಗಟ್ಟಿಯಾಗಿ ಓದಿ, ನನ್ನ ಪ್ರಶ್ನೆಗಳನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ‘ದೇವರು ಯಾಕೆ ಸುಮ್ಮನಿದ್ದಾನೆ’ ಎಂದು ಬರೆದರೆ ಹೊಡೆದುಹಾಕಿ, ‘ನೀನು ಯಾಕೆ ಸುಮ್ಮನಿದ್ದೆ’ ಎಂದು ತಿದ್ದುತ್ತಿದ್ದೆ. ದೂರು ಅವನಿಗೇ ಮುಟ್ಟಬೇಕು. ‘ದುಃಖವಾಗಿದೆ’ ಎಂಬ ಸಪ್ಪೆ ಮಾತಿಗೂ ಜಾಗವಿರಲಿಲ್ಲ. ‘ತಮ್ಮನ ನಂಬರನ್ನು ಮೊಬೈಲ್‌ನಿಂದ ಅಳಿಸಲಾರೆ, ಕರೆ ಮಾಡಲೂ ಆರೆ, ಏನು ಮಾಡಲಿ ಹೇಳು’ ಎಂದು ಬರೆದ ದಿನ ಅಳು ಬಂತು.

ಐದನೆಯ ವಚನದಿಂದ ಭರವಸೆ, ಹಾಡು. ನಾನು ನಾಲ್ಕಕ್ಕೇ ನಿಲ್ಲಿಸುತ್ತಿದ್ದೆ. ಹಾಗೆ ನಿಲ್ಲಿಸಲು ಧೈರ್ಯ ಕೊಟ್ಟದ್ದು 88ನೆಯ ಕೀರ್ತನೆ. ಹೇಮಾನನೆಂಬವನ ಹೆಸರಿನಲ್ಲಿರುವ ಅದು ಮುಗಿಯುವುದೇ ಕತ್ತಲೆಯಲ್ಲಿ. ಕೊನೆಗೊಂದು ಸ್ತೋತ್ರ ಸೇರಿಸಿ ಅದನ್ನು ಸರಿಪಡಿಸಲು ಯಾರೂ ಹೋಗಿಲ್ಲ. ಬೈಬಲ್‌ನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನೂ ಅಷ್ಟೇ, ತಾನು ಹುಟ್ಟಿದ ದಿನವನ್ನೇ ಶಪಿಸಿದ. ಆದರೂ ಅವನ ಪುಸ್ತಕದ ಕೊನೆಯ, 42ನೆಯ ಅಧ್ಯಾಯದಲ್ಲಿ ದೇವರು ರೇಗುವುದು ದೇವರ ಪರವಾಗಿ ವಾದಿಸಿದ ಸ್ನೇಹಿತರ ಮೇಲೆ. ಅದನ್ನು ಓದಿ, ಆ ದಿನಗಳಲ್ಲೂ, ನಕ್ಕಿದ್ದೆ.

137ನೆಯ ಕೀರ್ತನೆಯ ಕೊನೆಯ ವಚನವನ್ನು ಇಂದಿಗೂ ಗಟ್ಟಿಯಾಗಿ ಓದಲಾರೆ, ಶತ್ರುಗಳ ಮೇಲಿನ ಆ ಸೇಡಿನ ಮಾತು ಅಷ್ಟು ಕ್ರೂರ. ಆದರೆ ತಮ್ಮನ ಕಾಯಿಲೆಯನ್ನು ಹಗುರವಾಗಿ ಕಂಡವರ ಬಗ್ಗೆ ನಾನು ಬರೆದದ್ದೇನು ಕಡಿಮೆಯಿರಲಿಲ್ಲ. ದೇವರೆದುರು ಓದಿ ಹಾಳೆಯನ್ನು ಹರಿದುಹಾಕಿದೆ. ಸಿಟ್ಟು ಹೋಗಲಿಲ್ಲ, ಅವರಿಗೆ ಕರೆ ಮಾಡಿ ಕೂಗಾಡಬೇಕೆಂಬ ಅವಸರ ಹೋಯಿತು.

ಈಗ ಸಾವಿನ ಮನೆಗೆ ಹೋದಾಗ, ಮನೆಯವರು ಒಪ್ಪಿದರೆ, 88ನ್ನು ಓದುತ್ತೇನೆ. ದೇವರನ್ನು ಕುರುಬನೆಂದು ಕರೆದು ಸಮಾಧಾನ ಹೇಳುವ 23ನೆಯದನ್ನೇ ಓದಿ ಎನ್ನುವವರಿದ್ದಾರೆ. ಅದನ್ನೂ ಓದುತ್ತೇನೆ, ಆಮೇಲೆ.