ಟೈಲ್ಸ್ ಮನೆಯ ಚರಿತ್ರೆ ನಾನು ಹುಡುಕಿದ್ದು ಹೀಗೆ

ಮೆಕ್ಸಿಕೋ ಸಿಟಿಯಲ್ಲಿ ಯಾರನ್ನೇ ಕೇಳಿ, ಕಾಸಾ ದೆ ಲೋಸ್ ಅಸುಲೇಹೋಸ್, ಅಂದರೆ ಟೈಲ್ಸ್ ಮನೆಯ ಬಗ್ಗೆ ಒಂದೇ ಕತೆ ಹೇಳುತ್ತಾರೆ. ಕೌಂಟ್ ಅನ್ನುವ ಶ್ರೀಮಂತ ಬಿರುದಿದ್ದ ಮನೆತನದ ಪೋಲಿ ಮಗನಿಗೆ ಅವನಪ್ಪ, ನೀನು ಈ ಜನ್ಮದಲ್ಲಿ ಉದ್ಧಾರ ಆಗಲ್ಲ, ಟೈಲ್ಸಿನ ಮನೆ ಅಂತೂ ಕಟ್ಟಲ್ಲ ಅಂತ ಬೈದನಂತೆ. ಮಗ ಹಟಕ್ಕೆ ಬಿದ್ದು ದುಡಿದು, ಇಡೀ ಮನೆಗೆ ನೀಲಿ-ಬಿಳಿ ಟೈಲ್ಸ್ ಹೊದಿಸಿಬಿಟ್ಟನಂತೆ. ಕೇಳೋಕೇನೋ ಮಜವಾಗಿದೆ. ಆದರೆ ಯಾವ ಮಗ, ಯಾವಾಗ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಕೆಲಸಕ್ಕೆಂದು ಈ ಊರಿಗೆ ಬಂದ ನನಗೆ ಹಳೇ ಮನೆಗಳ ಹುಚ್ಚು ಮೊದಲಿಂದಲೂ ಇತ್ತು. ರಜೆ ಸಿಕ್ಕಾಗೆಲ್ಲ ಈ ಮನೆಯ ಬೆನ್ನು ಹತ್ತಿದೆ. ಕತೆಯನ್ನು ಪಕ್ಕಕ್ಕಿಟ್ಟು ಗೋಡೆಯಿಂದ ಶುರು ಮಾಡಿದೆ.

ಸುತ್ತಮುತ್ತಲಿನ ಹಳೇ ಬಂಗಲೆಗಳಿಗೆ ತೆಸೋಂತ್ಲೆ ಅನ್ನುವ ಕಡುಗೆಂಪು ಜ್ವಾಲಾಮುಖಿ ಕಲ್ಲು ಹಾಕಿರುತ್ತಾರೆ. ತೂಕ ಕಮ್ಮಿ. ಕೆರೆ ಬತ್ತಿಸಿ ಕಟ್ಟಿದ ಊರು ನೋಡಿ, ನೆಲ ಮೆತ್ತಗೆ, ಭಾರ ತಡೆಯಲ್ಲ. ಮನೆ ಎದುರಿಗಿರುವ ಸಾನ್ ಫ್ರಾನ್ಸಿಸ್ಕೋ ಚರ್ಚಿಗೆ ಈಗ ಬೀದಿಯಿಂದ ಮೆಟ್ಟಿಲು ಇಳಿದು ಹೋಗಬೇಕು, ಆ ಮಟ್ಟಕ್ಕೆ ಕೂತಿದೆ. ಈ ಮನೆಯಲ್ಲಿ ಮಾತ್ರ ಕೆಂಪು ಕಲ್ಲಿನ ಜಾಗದಲ್ಲಿ ಪುಎಬ್ಲಾ ಊರಿನ ತಲವೇರಾ ಅನ್ನುವ ಮೆರುಗಿನ ಟೈಲ್ಸ್. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ, ಗೋಡೆ ಹತ್ತಿರ ನಿಂತು ನೋಡಿ. ಕೈಯಲ್ಲಿ ಮಾಡಿದ ತಲವೇರಾದಲ್ಲಿ ನೀಲಿ ಬಣ್ಣ ಬಿಳಿ ಮೆರುಗಿನ ಮೇಲೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಪಕ್ಕಪಕ್ಕದ ಎರಡು ಟೈಲ್ಸಿನ ನೀಲಿ ಒಂದೇ ಥರ ಇರಲ್ಲ. ಎಲ್ಲಿ ನೀಲಿ ಸಪಾಟಾಗಿ, ಒಂದೇ ಹದಕ್ಕೆ ಕಾಣುತ್ತದೋ ಅಲ್ಲಿ ಆಮೇಲೆ ತೇಪೆ ಹಾಕಿದ್ದಾರೆ ಅಂತ ಅನುಮಾನ ಪಡಬಹುದು. ಇನ್ನು ಸಿಂಕೋ ದೆ ಮಾಯೋ ಬೀದಿ ಕಡೆಯ ಮುಖ ಇದೆಯಲ್ಲ, ಪ್ರವಾಸಿಗರು ಅದರ ಮುಂದೆಯೂ ನಿಂತು ವಸಾಹತು ಕಾಲದ್ದು ಅಂತ ಫೋಟೋ ತೆಗೆಸಿಕೊಳ್ಳುತ್ತಾರೆ, ಆದರೆ ಅದನ್ನು 20ನೇ ಶತಮಾನದ ಶುರುವಿನಲ್ಲಿ ಹಳೇ ಮುಖ ನೋಡಿಕೊಂಡು ಹೊಸದಾಗಿ ಕಟ್ಟಿದ್ದು.

ಒಳಗಿನ ಅಂಗಳ ಅರ್ಥ ಮಾಡಿಕೊಳ್ಳೋಕೆ ನಮ್ಮ ತೊಟ್ಟಿ ಮನೆ ನೆನಪಿಟ್ಟುಕೊಂಡರೆ ಸಾಕು. ಆದರೆ ನಮ್ಮ ತೊಟ್ಟಿಗೆ ಮಳೆ, ಬೆಳಕು ಬೀಳುತ್ತವೆ. ಇಲ್ಲಿನ ಅಂಗಳಕ್ಕೆ ಸಾರೋಟೇ ಬರುತ್ತಿತ್ತು. ಹೆಬ್ಬಾಗಿಲು, ಅದರ ಹಿಂದೆ ಸಗ್ವಾನ್ ಅನ್ನುವ ಅಗಲವಾದ ಪಡಸಾಲೆ, ಆಮೇಲೆ ನಡುವೆ ಕಾರಂಜಿ ಇರುವ ಅಂಗಳ. ಈ ಊರಿನ ಶ್ರೀಮಂತರ ಮನೆಗಳಲ್ಲಿ ಕೆಳಗಡೆ ಅಂಗಡಿ, ಉಗ್ರಾಣ, ಮನೆಯವರ ವಾಸ ಮೇಲೆ. ಈಗ ಅಂಗಳದ ಮೇಲೆ ಗಾಜಿನ ಚಾವಣಿ ಇದೆ, ಕೆಳಗೆ ಹೋಟೆಲಿನ ಮೇಜುಗಳು. ಒಂದು ಕಾಫಿ ಹೇಳಿ ಎಷ್ಟು ಹೊತ್ತು ಬೇಕಾದರೂ ಕಂಬ ನೋಡುತ್ತಾ ಕೂರಬಹುದು. ಸುಮ್ನೆ ಕೂತು ನೋಡಿದಷ್ಟೂ ಲಾಭ.

ಕಾಗದ ಪತ್ರದ ವಿಷಯಕ್ಕೆ ಬಂದರೆ, ನಾನು ಕಂಡುಕೊಂಡ ದೊಡ್ಡ ಉಪಾಯ ಹಿಂದಕ್ಕೆ ನಡೆಯೋದು. 16ನೇ ಶತಮಾನದ ಕೈಬರಹದಿಂದ ಶುರು ಮಾಡಿದರೆ ಅರ್ಧ ಪುಟಕ್ಕೇ ತಲೆ ಕೆಡುತ್ತದೆ, ಅಷ್ಟೂ ಸಂಕ್ಷಿಪ್ತಾಕ್ಷರ. ಅಚ್ಚಾದ ಪತ್ರಿಕೆಗಳಿಂದ ಶುರು ಮಾಡಿ. ಬೀದಿ ಹೆಸರು ಜೋಪಾನ. ಇವತ್ತಿನ ಮದೇರೋ ಬೀದಿಗೆ ಆ ಹೆಸರು ಬಂದದ್ದು 1914ರಲ್ಲಿ, ಕ್ರಾಂತಿಯ ನಾಯಕ ಪಾಂಚೋ ವಿಲ್ಲಾ ಇಟ್ಟದ್ದು. ಅದಕ್ಕೂ ಹಿಂದಿನದು ಬೇಕಾದರೆ ಸಾನ್ ಫ್ರಾನ್ಸಿಸ್ಕೋ ಬೀದಿ ಅಂತಲೇ ಹುಡುಕಬೇಕು. ಕ್ರಾಂತಿಗೆ ಮುಂಚೆ ದೇಶ ಆಳಿದ ಸರ್ವಾಧಿಕಾರಿ ಪೊರ್ಫಿರಿಯೋ ದಿಯಾಸ್ ಕಾಲಕ್ಕೆ 'ಜಾಕಿ ಕ್ಲಬ್' ಅಂತ ಹುಡುಕಿ. ಆಗ ಈ ಮನೆ ಶ್ರೀಮಂತರ ಕ್ಲಬ್ ಆಗಿತ್ತು. ಕ್ರಾಂತಿ ಬಂತು, 1915ರಲ್ಲಿ ಅದೇ ಮನೆ ಕಾಸಾ ದೆಲ್ ಒಬ್ರೆರೋ ಮುಂದಿಯಾಲ್ ಅನ್ನುವ ಕಾರ್ಮಿಕ ಸಂಘದ ಕೈಗೆ ಹೋಯಿತು. ಇದಕ್ಕಿಂತ ಜಾಸ್ತಿ ವ್ಯಂಗ್ಯ ಯಾರು ಬರೆದಾರು, ಅಲ್ವಾ? ಆಮೇಲೆ ಸ್ಯಾನ್‌ಬಾರ್ನ್ ಸೋದರರು ಬಂದರು, ಹೋಟೆಲು ಇವತ್ತಿಗೂ ಅವರ ಹೆಸರಲ್ಲೇ ಇದೆ. ಮೆಟ್ಟಿಲ ಗೋಡೆ ಮೇಲೆ ಕಲಾವಿದ ಒರೋಸ್ಕೋ ಬರೆದ ಚಿತ್ರ 1925ರದು.

ಇನ್ನೂ ಹಿಂದೆ ಹೋದರೆ 1828ರ ದಂಗೆ. ಕೌಂಟ್ ಥರದ ಬಿರುದುಗಳನ್ನು 1826ರಲ್ಲೇ ರದ್ದು ಮಾಡಿದ್ದರು. ಆದರೂ ಮಾಜಿ ಕೌಂಟ್ ದಂಗೆಯ ಗಲಾಟೆಯಲ್ಲಿ ಇದೇ ಮನೆಯೊಳಗೆ ಕೊಲೆಯಾದ. ಅದಕ್ಕೂ ಹಿಂದೆ, 1596ರಲ್ಲಿ ದಿಯೇಗೋ ಸುಆರೆಸ್ ದೆ ಪೆರೇದೋ ಇಲ್ಲಿನ ಮನೆ ಕೊಂಡ. ಅವನ ಮಗಳು ಸೇರಿದ್ದು ರೊದ್ರಿಗೋ ದೆ ವಿವೇರೋ ಮನೆತನವನ್ನು. ಈ ವಿವೇರೋ ಫಿಲಿಪ್ಪೀನ್ಸಿನಲ್ಲಿ ಹಂಗಾಮಿ ಗವರ್ನರ್ ಆಗಿದ್ದು, ವಾಪಸು ಬರುವಾಗ 1609ರಲ್ಲಿ ಹಡಗು ಒಡೆದು ಜಪಾನಿನ ದಡ ಸೇರಿದವನು. ಒರಿಸಾಬಾ ಕಣಿವೆಯ ಕೌಂಟ್ ಅನ್ನುವ ಬಿರುದು ಮನೆಗೆ ಬಂದದ್ದು ಅವನಿಂದ.

ಟೈಲ್ಸ್ ವಿಷಯಕ್ಕೆ ಸಿಗುವ ವರ್ಷ 1737. ಅದರ ಜತೆ ಬರುವ ಹೆಸರು ಯಾವ ಪೋಲಿ ಮಗನದೂ ಅಲ್ಲ, ಐದನೇ ಕೌಂಟೆಸಳದು. ಪುಎಬ್ಲಾದಲ್ಲಿ ಸಂಸಾರ ಮಾಡಿ, ಗಂಡ ಸತ್ತ ಮೇಲೆ ಇಲ್ಲಿಗೆ ವಾಪಸಾದವಳು. ಊರು ತುಂಬ ಟೈಲ್ಸಿನ ಗೋಡೆ ನೋಡಿ ಬಂದ ಹೆಂಗಸು ತನ್ನ ಮನೆಗೂ ಅದನ್ನೇ ಹಾಕಿಸಿದಳು ಅಂದರೆ ನನಗೆ ಒಪ್ಪಿಗೆ. ಅಪ್ಪ-ಮಗನ ಜಗಳದ ಅಗತ್ಯವೇ ಬೀಳಲ್ಲ.

ನೀವೂ ಹುಡುಕೋದಾದರೆ, ರಾಷ್ಟ್ರೀಯ ದಾಖಲೆಗಳು ಲೆಕುಂಬೆರ್ರಿಯ ಹಳೇ ಜೈಲು ಕಟ್ಟಡದಲ್ಲಿವೆ. ಕ್ರಾಂತಿ ಕಾಲದ ಫೋಟೋಗಳಿಗೆ ಪಚೂಕಾ ಊರಿನ ಫೋಟೋ ಸಂಗ್ರಹಾಲಯ ನೋಡಿ, ಬಹಳಷ್ಟು ಆನ್‌ಲೈನಲ್ಲೇ ಸಿಗುತ್ತವೆ.