ಕಾಡ್ಗಿಚ್ಚಿನ ಅಂಚಿನ ಮನೆ: ಕೆಲಸ ಗೋಡೆಯ ಬುಡದಿಂದ ಶುರುವಾಗಲಿ

ಕಾಡ್ಗಿಚ್ಚಿನಲ್ಲಿ ಬಹುಪಾಲು ಮನೆಗಳು ಹೊತ್ತಿಕೊಳ್ಳುವುದು ಎದುರಿಗೆ ಬರುವ ಜ್ವಾಲೆಯಿಂದಲ್ಲ, ಗಾಳಿಯಲ್ಲಿ ಹಾರಿಬರುವ ಕಿಡಿಗಳಿಂದ. ಮನೆಯ ಸುತ್ತ ತೆರವಿಡುವ ನಿಯಮಗಳ ಅರ್ಥವೆಲ್ಲ ಇಲ್ಲಿದೆ.

ಮೊದಲು ಸ್ಥಳೀಯ ಅಗ್ನಿಶಾಮಕ ಕಚೇರಿಯಲ್ಲಿ ಕೇಳಿ: ಮನೆಯ ಸುತ್ತ ಎಷ್ಟು ದೂರ ಒಣಹುಲ್ಲು, ಪೊದೆ ತೆರವು ಮಾಡಬೇಕು, ಚಾವಣಿಗೆ ಯಾವ ವಸ್ತು ಒಪ್ಪಿಗೆ, ಕಸ ಸುಡಲು ಅನುಮತಿ ಬೇಕೆ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು 100 ಅಡಿ, ಅಂದರೆ ಸುಮಾರು 30 ಮೀಟರ್ ಹೇಳುತ್ತದೆ. ಅಷ್ಟರೊಳಗೆ ನಿಮ್ಮ ಜಮೀನು ಮುಗಿದರೆ ಗಡಿಯವರೆಗೆ.

ಆದರೆ ಗೋಡೆಯಿಂದ ಮೊದಲ 1.5 ಮೀಟರೇ ಎಲ್ಲಕ್ಕಿಂತ ಮುಖ್ಯ. ಅಲ್ಲಿ ತರಗೆಲೆ, ಸೌದೆ, ಪೊದೆ, ನಾರಿನ ಕಾಲೊರಸು ಯಾವುದೂ ಬೇಡ, ಜಲ್ಲಿ ಹಾಸಿ. ಗೋಡೆಗೆ ತಾಗಿದ ಮರದ ಬೇಲಿ ದೀಪದ ಬತ್ತಿಯಂತೆ ಬೆಂಕಿಯನ್ನು ಮನೆಗೆ ತರುತ್ತದೆ. ಅದರ ಕೊನೆಯ 1.5 ಮೀಟರನ್ನು ಲೋಹದ್ದಾಗಿಸಿ. ಗಾಳಿಕಿಂಡಿಗಳಿಗೆ 3 ಮಿ.ಮೀ. ಕಣ್ಣಿನ ಲೋಹದ ಜಾಲರಿ ಹಾಕಿ. ಪ್ಲಾಸ್ಟಿಕ್ ಜಾಲರಿ ಕರಗಿ ಕಿಡಿಗೆ ದಾರಿ ಬಿಡುತ್ತದೆ. ಚಾವಣಿಯಂಚಿನ ಮಳೆನೀರಿನ ದೋಣಿಯಲ್ಲಿ ಎಲೆ ನಿಲ್ಲದಿರಲಿ.

9 ಮೀಟರ್‌ವರೆಗೆ ಹುಲ್ಲು 10 ಸೆಂ.ಮೀ. ಮೀರಬಾರದು. ಸೌದೆ ರಾಶಿ ಅದರಾಚೆಗಿರಲಿ. ಮರದ ಕೆಳಗೊಂಬೆಗಳನ್ನು ನೆಲದಿಂದ 1.8 ಮೀಟರ್‌ವರೆಗೆ ಸವರಿ. ಕೆಳಗೆ ಪೊದೆಯಿದ್ದರೆ ಅದರ ತುದಿಗೂ ಕೊಂಬೆಗೂ ನಡುವೆ ಪೊದೆಯ ಎತ್ತರದ ಮೂರು ಪಟ್ಟು ಅಂತರ ಬಿಡಿ, ಇಲ್ಲವಾದರೆ ಬೆಂಕಿಗೆ ಅದೇ ಏಣಿ. ಚಿಮಣಿಯಿಂದ ಕೊಂಬೆ 3 ಮೀಟರ್ ದೂರವಿರಲಿ. ಬೆಂಕಿ ಇಳಿಜಾರನ್ನು ವೇಗವಾಗಿ ಏರುವುದರಿಂದ ಮನೆಯ ಕೆಳಬದಿಯಲ್ಲಿ ಇನ್ನೂ ಹೆಚ್ಚು ತೆರವು ಬೇಕು.

ಒಣಹುಲ್ಲನ್ನು ಯಂತ್ರದಿಂದ ಕತ್ತರಿಸುವುದಾದರೆ ಬೆಳಗ್ಗೆಯೇ ಮುಗಿಸಿ. ಬ್ಲೇಡು ಕಲ್ಲಿಗೆ ತಾಗಿದರೆ ಕಿಡಿ ಏಳುತ್ತದೆ; ನೀರಿನ ಪೈಪು ಕೈಗೆಟುಕುವಂತಿರಲಿ.