ಸೊರಗಿದ ಮೊಲದ ಮರಿಗೆ ಹಾಲುಣಿಸುವಾಗ

ಒಂದೇ ಸೂಲಿನ ಮರಿಗಳಲ್ಲಿ ಒಂದು ಮಾತ್ರ ಸಣ್ಣದಾಗಿದ್ದು, ಹೊಟ್ಟೆ ಒಳಸೇರಿ ಚರ್ಮ ಸುಕ್ಕುಗಟ್ಟಿದ್ದರೆ ಅದಕ್ಕೆ ಹಾಲು ಸಾಲುತ್ತಿಲ್ಲವೆಂದು ತಿಳಿಯಬೇಕು. ತಾಯಿಮೊಲ ದಿನಕ್ಕೆ ಒಂದೆರಡು ಬಾರಿ, ಅದೂ ಕೆಲವೇ ನಿಮಿಷ ಹಾಲೂಡಿಸುವುದರಿಂದ, ಅದು ಗೂಡಿನಲ್ಲಿ ಕೂರದಿರುವುದನ್ನು ಕಂಡು ಮರಿಗಳನ್ನು ತೊರೆದಿದೆಯೆಂದು ಭಾವಿಸುವ ಅವಸರ ಬೇಡ. ಮೊದಲು ಮರಿಯನ್ನು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಟ್ಟು ಬೆಚ್ಚಗಾಗಿಸಿ. ಮೈ ತಣ್ಣಗಿರುವಾಗ ಹಾಲು ಜೀರ್ಣವಾಗುವುದಿಲ್ಲ. ಅನಂತರ ತಾಯಿಯನ್ನು ಮೆಲ್ಲಗೆ ಹಿಡಿದುಕೊಂಡು ಈ ಮರಿಯೊಂದನ್ನೇ ಮೊಲೆಗೆ ಬಿಟ್ಟು ನೋಡಿ. ಮೊಲದ ಹಾಲಿನಲ್ಲಿರುವಷ್ಟು ಕೊಬ್ಬು, ಪ್ರೋಟೀನ್ ಹಸುವಿನ ಹಾಲಿನಲ್ಲಿ ಇಲ್ಲದಿರುವುದರಿಂದ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಅದು ಸಾಧ್ಯವಾಗದಿದ್ದರೆ ಬೆಕ್ಕಿನ ಮರಿಗಳಿಗೆಂದು ಮಾರುವ ಹಾಲಿನ ಪುಡಿಯನ್ನು ಕಲಸಿ, ಅದೂ ಸಿಗದಿದ್ದಲ್ಲಿ ಆಡಿನ ಹಾಲನ್ನು ಉಗುರುಬೆಚ್ಚಗೆ ಮಾಡಿ, ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಿಂದ ತುಟಿಯ ಬದಿಗೆ ಹನಿಹನಿಯಾಗಿ ಕೊಡಿ. ಮೊದಲ ವಾರದಲ್ಲಿ ಹೊತ್ತೊಂದಕ್ಕೆ ಸುಮಾರು 2 ಮಿ.ಲೀ.ನಂತೆ ದಿನಕ್ಕೆ ಎರಡು ಹೊತ್ತು ಕೊಡುವುದು ವಾಡಿಕೆ. ತೀರಾ ನಿತ್ರಾಣವಾದ ಮರಿಗೆ ದಿನದ ಅಷ್ಟೇ ಹಾಲನ್ನು ನಾಲ್ಕು ಪಾಲು ಮಾಡಿ ಕೊಡಬಹುದು. ಮರಿಯನ್ನು ಅಂಗಾತ ಮಲಗಿಸಿ ಎಂದೂ ಕುಡಿಸಬಾರದು, ಏಕೆಂದರೆ ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡೊಡನೆ ನಿಲ್ಲಿಸಿ, ತಲೆ ತಗ್ಗಿಸಿ ಒರೆಸಿರಿ. ಕುಡಿಸಿದ ಬಳಿಕ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೃದುವಾಗಿ ಸವರಿದರೆ ಮರಿ ಮೂತ್ರ ಮಾಡುತ್ತದೆ. ಕಣ್ಣು ಬಿಡುವ ತನಕ, ಅಂದರೆ ಸುಮಾರು 10 ದಿನ, ಇದನ್ನು ತಪ್ಪಿಸಬೇಡಿ. ಹೊಟ್ಟೆ ಉಬ್ಬರಿಸಿದರೆ ಅಥವಾ ಭೇದಿಯಾದರೆ ಅಂದೇ ಪಶುವೈದ್ಯರಿಗೆ ತೋರಿಸಿ.